ಕ್ರೂಸ್ ಕಿಟ್ಟಿನ ಕೆಂಪು ಲೈಟು

"ಬಂತಾ?"

"ಬಂತು!"

"ಈಗ?"

"ಬಂತಪ್ಪಾ!"

ಕಾರಿನ ಬಾಗಿಲಿಂದಾಚೆ ಅಪ್ಪನ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಮಿಕ್ಕ ಅಪ್ಪ ಪೂರ್ತಿ ಸ್ಟೀರಿಂಗಿನ ಕೆಳಗೆ ತೂರಿಕೊಂಡಿದ್ದ. ಅಲ್ಲಿಂದಲೇ ಕೈಯಲ್ಲಿ ಬ್ರೇಕ್ ಪೆಡಲ್ ಒತ್ತುತ್ತಿದ್ದ.

ಪಕ್ಕದ ಸೀಟಿನಲ್ಲಿ ಪಿಟ್ಟಿ ಕೂತಿದ್ದಳು. ಯಾವಾಗಲೂ ಪಿಟಿಪಿಟಿ ಮಾತಾಡುತ್ತಾಳೆ ಅಂತ ಅವಳಿಗೆ ಆ ಹೆಸರು. ಅವಳ ತೊಡೆಯ ಮೇಲೆ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಒಂದು ಕಪ್ಪು ಡಬ್ಬಿ, ಅದರಿಂದ ಜಡೆ ಬಿಚ್ಚಿ ಹರಡಿದ ಹಾಗೆ ವೈರುಗಳು. ಡಬ್ಬಿಯ ಮೂಲೆಯಲ್ಲಿ ಸಾಸಿವೆಕಾಳಿನಷ್ಟು ಕೆಂಪು ಲೈಟು. ಬ್ರೇಕ್ ಒತ್ತಿದಾಗೆಲ್ಲ ಅದು ಬರಬೇಕು. ಕಿಟ್ ಜೊತೆ ಬಂದ ಪುಸ್ತಕದಲ್ಲಿ ಬರೆದಿತ್ತು, ಹತ್ತು ಸಲ ಒತ್ತಿ ಹತ್ತು ಸಲವೂ ನೋಡಬೇಕು ಅಂತ.

ಅದು ಕ್ರೂಸ್ ಕಂಟ್ರೋಲ್ ಕಿಟ್. ರಸ್ತೆ ಖಾಲಿ ಇದ್ದಾಗ ಒಂದು ಬಟನ್ ಒತ್ತಿದರೆ ಸಾಕು, ಕಾರು ತಾನೇ ಒಂದೇ ಸ್ಪೀಡಿನಲ್ಲಿ ಹೋಗುತ್ತಾ ಇರುತ್ತದೆ. ಆಕ್ಸಿಲರೇಟರ್ ಒತ್ತುವ ಕಾಲಿಗೆ ರಜೆ. ಬ್ರೇಕ್ ಮುಟ್ಟಿದ ತಕ್ಷಣ ಕಾರು ಮತ್ತೆ ಮೊದಲಿನ ಹಾಗೆ ಡ್ರೈವರ್ ಮಾತು ಕೇಳುತ್ತದೆ.

ಅಪ್ಪನ ಕಾಲಿಗೆ ಈ ರಜೆ ಬೇಕೇ ಬೇಕಿತ್ತು. ಅವನದು ತೂಕದ ಯಂತ್ರ ರಿಪೇರಿ ಮಾಡುವ ಕೆಲಸ. ವಾರದಲ್ಲಿ ನಾಲ್ಕು ದಿನ ಊರೂರು ಸುತ್ತಿ ಬರುವಷ್ಟರಲ್ಲಿ ಬಲಮಂಡಿ ಊದಿಕೊಂಡು ಬನ್ನಿನ ಹಾಗಾಗಿರುತ್ತಿತ್ತು.

"ಮೆಕ್ಯಾನಿಕ್ ಹತ್ರ ಹಾಕಿಸ್ರೀ," ಅಂತ ಅಮ್ಮ ಹೇಳಿದ್ದಳು.

"ನಾಲ್ಕು ವೈರು ಸೇರಿಸೋಕೆ ಮೆಕ್ಯಾನಿಕ್ ಯಾಕೆ? ನಾನಿದೀನಿ, ಪಿಟ್ಟಿ ಇದಾಳೆ."

"ಮಿಕ್ಸಿ ರಿಪೇರಿಗೂ ಇದೇ ಟೀಮ್ ಇತ್ತು. ಮೂರು ಸ್ಕ್ರೂ ಮಿಕ್ಕಿತ್ತು. ಕಾರಲ್ಲೂ ಮಿಕ್ಕಿದ್ರೆ ಕೊಡಿ, ಅದೇ ಡಬ್ಬಿಗೆ ಹಾಕಿಡ್ತೀನಿ."

ಇರಲಿ. ಎರಡು ಸಲ ಲೈಟು ಬಂದಿತ್ತು, ಪಿಟ್ಟಿ ಕಣ್ಣಾರೆ ನೋಡಿದ್ದಳು. ಮೂರನೇ ಸಲ ಅಪ್ಪ ಬ್ರೇಕ್ ಒತ್ತುವ ಹೊತ್ತಿಗೆ ಎದುರಿನ ಕಾಂಪೌಂಡಿನ ಮೇಲೆ ಒಂದು ಬಿಳಿ ಬೆಕ್ಕು ಬಂತು.

ಆ ಗೋಡೆಯ ಈ ತುದಿಗೆ ಮಾತ್ರ ಆಗಷ್ಟೇ ನೀಲಿ ಬಣ್ಣ ಹೊಡೆದಿದ್ದರು. ಬೆಕ್ಕು ಒಂದು ಕಾಲು ಇಟ್ಟಿತು. ಅಂಟಂಟು! ಥಟ್ಟನೆ ಎತ್ತಿ ನೋಡಿಕೊಂಡಿತು. ಕಾಲು ನೀಲಿ. ಒಮ್ಮೆ ಒದರಿತು. ಬಣ್ಣ ಹೋಗಲಿಲ್ಲ. ಮೂರೇ ಕಾಲಲ್ಲಿ ಕುಂಟುತ್ತಾ, ನೀಲಿ ಕಾಲನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಬಹಳ ಗಂಭೀರವಾಗಿ ನಡೆಯತೊಡಗಿತು.

"ಬಂತಾ?"

"ಬಂತು."

"ಈಗ?"

"ಬಂತು, ಬಂತು."

ಬೆಕ್ಕು ಗೋಡೆಯ ಆ ತುದಿಯಲ್ಲಿ ಮಾಯವಾಗುವ ಹೊತ್ತಿಗೆ ಅಪ್ಪನ ಎಣಿಕೆ ಹತ್ತಕ್ಕೆ ಬಂದಿತ್ತು.

"ಶಭಾಶ್!" ಅಪ್ಪ ಡಬ್ಬಿಯನ್ನು ಇಸಿದುಕೊಂಡು ಒಳಗೆ ಸೇರಿಸಿದ. ಅದರ ಮೇಲೆ ಪ್ಲಾಸ್ಟಿಕ್ ಮುಚ್ಚಳ, ಮುಚ್ಚಳಕ್ಕೆ ಒಂಬತ್ತು ಸ್ಕ್ರೂ. ಮಲಗಿಕೊಂಡೇ ಬಿಗಿಮಾಡಲು ಅರ್ಧ ಗಂಟೆ ಹಿಡಿಯಿತು. ಹೊರಗೆ ಬಂದಾಗ ಅಪ್ಪನ ಕೆನ್ನೆಯ ಮೇಲೆ ರಬ್ಬರ್ ಮ್ಯಾಟಿನ ಚೌಕಚೌಕ ಡಿಸೈನು ಅಚ್ಚಾಗಿತ್ತು.

"ಒಂದೂ ಸ್ಕ್ರೂ ಮಿಕ್ಕಿಲ್ಲ!" ಅಂತ ಖಾಲಿ ಅಂಗೈ ಚಾಚಿ ಅಮ್ಮನಿಗೆ ತೋರಿಸಿದ.

"ಮುಖ ತೊಳ್ಕೊಳ್ಳಿ. ಗ್ರಾಫ್ ಪೇಪರ್ ಥರ ಕಾಣ್ತಿದೀರಿ," ಅಂದಳು ಅಮ್ಮ.

ಊಟಕ್ಕೆ ಕೂತಾಗ ಪಿಟ್ಟಿ ಅನ್ನ ಕಲಸುತ್ತಲೇ ಇದ್ದಳು. ತುತ್ತು ಎತ್ತಲಿಲ್ಲ.

"ಅಪ್ಪಾ, ಆ ಲೈಟ್ ಬರದೇ ಇದ್ರೆ ಏನಾಗುತ್ತೆ?"

"ಬ್ರೇಕ್ ಒತ್ತಿದ್ದು ಕಿಟ್‌ಗೆ ಗೊತ್ತೇ ಆಗಲ್ಲ. ನಾನು ನಿಲ್ಲು ಅಂತೀನಿ, ಅದು ಓಡು ಅನ್ನುತ್ತೆ. ಟಿವಿ ರಿಮೋಟ್ ನಾನೂ ನಿಮ್ಮಮ್ಮನೂ ಒಟ್ಟಿಗೆ ಹಿಡಿದ ಹಾಗೆ!" ಅಪ್ಪ ನಕ್ಕ. "ಅದಕ್ಕೇ ತಾನೇ ನೀನು ಹತ್ತು ಸಲ ನೋಡಿದ್ದು? ನಾಳೆ ಬೆಳಗ್ಗೆ ಇನ್ನೂರು ಕಿಲೋಮೀಟರ್. ಎಂಬತ್ತಕ್ಕೆ ಸೆಟ್ ಮಾಡಿ ರಾಜನ ಥರ ಹೋಗ್ತೀನಿ."

ಪಿಟ್ಟಿ ಹೇಳಬೇಕೆಂದು ಬಾಯಿ ತೆರೆದಳು. ಆದರೆ ಆ ಒಂಬತ್ತು ಸ್ಕ್ರೂ! ಅಪ್ಪ ಬೇರೆ ಅಷ್ಟು ಖುಷಿಯಲ್ಲಿದ್ದ. ಬಾಯಿ ತೆರೆದದ್ದಾಯಿತಲ್ಲ ಅಂತ ಒಂದು ತುತ್ತು ಹಾಕಿಕೊಂಡಳು. ಬಹುಶಃ ಲೈಟು ಬಂದೇ ಇರುತ್ತೆ. ಎರಡು ಸಲ ಬಂದಿದ್ದು ಮೂರನೇ ಸಲ ಯಾಕೆ ಬರಲ್ಲ?

ಸಂಜೆ ನಾಲ್ಕಕ್ಕೆ ಟ್ರಯಲ್. ಅಪ್ಪ ಕೂಲಿಂಗ್ ಗ್ಲಾಸ್ ಹಾಕಿಕೊಂಡ. ಅಮ್ಮ ಪಕ್ಕದಲ್ಲಿ ಕೂತು ಸೀಟ್ ಬೆಲ್ಟನ್ನು ಎರಡೆರಡು ಸಲ ಎಳೆದು ನೋಡಿದಳು. ಪಿಟ್ಟಿ ಹಿಂದೆ ಕೂತಳು. ಓಣಿ ದಾಟಿತು, ಮಾರ್ಕೆಟ್ ದಾಟಿತು, ಅವಳು ಗಪ್‌ಚಿಪ್.

"ಯಾಕೇ, ನಿನ್ನ ಸ್ವಿಚ್ ಯಾರು ಆಫ್ ಮಾಡಿದ್ರು?" ಅಮ್ಮ ತಿರುಗಿ ನೋಡಿದಳು.

"ಏನಿಲ್ಲ."

"ನೀನು 'ಏನಿಲ್ಲ' ಅಂತ ಒಂದೇ ಶಬ್ದದಲ್ಲಿ ನಿಲ್ಲಿಸಿದ್ರೆ ಏನೋ ಇದೆ ಅಂತಾನೇ ಅರ್ಥ ಕಣೇ."

ಪಿಟ್ಟಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ದೊಡ್ಡ ರಸ್ತೆ ಬಂತು. ಕಾರು ವೇಗ ಹಿಡಿಯಿತು. "ಅರವತ್ತು... ಎಪ್ಪತ್ತು..." ಅಂತ ಅಪ್ಪ ಎಣಿಸುತ್ತಿದ್ದ. ಅವನ ಹೆಬ್ಬೆರಳು ಹೊಸ ಬಟನ್ನಿನ ಮೇಲೆ ಕೂತಿತು. "ಎಂಬತ್ತು! ಒತ್ತಲಾ?"

"ಒತ್ತಬೇಡಪ್ಪಾ!"

ಆ ಕಿರುಚಾಟಕ್ಕೆ ಅಮ್ಮ ಬೆಚ್ಚಿಬಿದ್ದಳು. ಅಪ್ಪ ಬಟನ್ನಿಂದ ಬೆರಳು ತೆಗೆದ. ಮೆಲ್ಲಗೆ ಕಾರನ್ನು ಪಕ್ಕಕ್ಕೆ ತಂದು ಒಂದು ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿದ.

"ನಾನು ಎರಡೇ ಸಲ ನೋಡಿದ್ದು," ಅಂದಳು ಪಿಟ್ಟಿ. "ಆಮೇಲಿನದೆಲ್ಲ ಸುಮ್ಮನೆ ಬಂತು ಬಂತು ಅಂದೆ."

ಅಪ್ಪ ಕೂಲಿಂಗ್ ಗ್ಲಾಸ್ ತೆಗೆದ. "ಯಾಕೆ?"

"ಬೆಕ್ಕು ಬಂತು."

"ಬೆಕ್ಕಾ?"

"ನೀಲಿ ಬೆಕ್ಕು. ಅಂದ್ರೆ ಪೂರ್ತಿ ಅಲ್ಲ... ಒಂದು ಕಾಲು ಮಾತ್ರ."

ಅಮ್ಮ ಥಟ್ಟನೆ ಸೆರಗು ಬಾಯಿಗೆ ಅಡ್ಡ ಹಿಡಿದಳು. ಅವಳ ಭುಜ ಕುಣಿಯುತ್ತಿತ್ತು. ಆದರೆ ಅಪ್ಪ ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಪಿಟ್ಟಿಗೆ.

ಆಮೇಲೆ ಅವನು ಇಳಿದು ಅಂಗಡಿಯವನ ಹತ್ತಿರ ಸ್ಕ್ರೂಡ್ರೈವರ್ ಕೇಳಿದ. ಒಂಬತ್ತು ಸ್ಕ್ರೂ ಒಂದೊಂದಾಗಿ ಹೊರಬಂದವು. ಡಬ್ಬಿ ಮತ್ತೆ ಪಿಟ್ಟಿಯ ತೊಡೆಗೆ ಬಂತು, ಅಪ್ಪ ಮತ್ತೆ ಕೆಳಗೆ ತೂರಿಕೊಂಡ. ಅಂಗಡಿಯವನು ಟ್ಯೂಬಿನ ಕೆಲಸ ಅಲ್ಲೇ ಬಿಟ್ಟು ನೋಡಲು ಬಂದ.

"ಬಂತಾ?"

"ಬಂತು."

"ಈಗ?"

"ಬಂತು."

ಮೂರನೆಯದೂ ಬಂತು. ನಾಲ್ಕನೇ ಸಲ ಪಿಟ್ಟಿ ಡಬ್ಬಿಯನ್ನು ಮೂಗಿನ ಹತ್ತಿರ ತಂದುಕೊಂಡಳು.

"ಬರಲಿಲ್ಲಪ್ಪ."

"ಸರಿಯಾಗಿ ನೋಡಿದ್ಯಾ?"

"ನೋಡಿದೆ. ಬರಲಿಲ್ಲ."

ಅಪ್ಪ ಒಳಗೆ ಕೈಯಾಡಿಸಿ ಒಂದು ವೈರನ್ನು ಮೆಲ್ಲಗೆ ಎಳೆದ. ಅದು ಸಲೀಸಾಗಿ ಅವನ ಕೈಗೇ ಬಂದುಬಿಟ್ಟಿತು.

ಎಲ್ಲರೂ ಆ ವೈರನ್ನು ನೋಡಿದರು.

ಅಮ್ಮ ಪುಸ್ತಕ ತೆಗೆದು ಕನ್ನಡಕ ಹಾಕಿಕೊಂಡಳು. "ಆರನೇ ನಂಬರ್. ಸೇರಿಸಿದ ಪ್ರತಿ ವೈರನ್ನೂ ಎಳೆದು ನೋಡಿ. ಇಲ್ಲಿ ಪೆನ್ಸಿಲ್‌ನಲ್ಲಿ ರೈಟ್ ಹಾಕಿದೆಯಲ್ಲ ರೀ?"

"ಅಪ್ಪ ಎಳೆದೆ ಅಂದ. ಅದಕ್ಕೇ ಹಾಕಿದೆ," ಅಂದಳು ಪಿಟ್ಟಿ.

ಬಾಗಿಲಾಚೆ ಚಾಚಿದ್ದ ಅಪ್ಪನ ಕಾಲುಗಳು ಒಂದನ್ನೊಂದು ಕೆರೆದುಕೊಂಡವು.

"ಎಳೆದಿದ್ದೆ..." ಕೊನೆಗೆ ಅಪ್ಪನ ದನಿ ಬಂತು. "ಮನಸ್ಸಲ್ಲೇ."

"ಊರವರ ತಕ್ಕಡಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ರೂ ಬಿಡಲ್ಲ ಸಾಹೇಬ್ರು!" ಈಗ ಅಮ್ಮ ಬಾಯಿಬಿಟ್ಟೇ ನಕ್ಕಳು. "ಅಪ್ಪ ಮನಸ್ಸಲ್ಲೇ ಎಳೆದ್ರು, ಮಗಳು ಮನಸ್ಸಲ್ಲೇ ನೋಡಿದ್ಲು. ನಾನು ರಾತ್ರಿಗೆ ಮನಸ್ಸಲ್ಲೇ ಅಡುಗೆ ಮಾಡ್ತೀನಿ, ಇಬ್ರೂ ಮನಸ್ಸಲ್ಲೇ ಊಟ ಮಾಡಿ!"

"ಸಾರ್, ಗಾಳಿ ಏನಾದ್ರೂ ಹಾಕ್ಲಾ?" ಅಂಗಡಿಯವನು ಪಾಪ, ತನ್ನಿಂದ ಆಗುವ ಸಹಾಯಕ್ಕೆ ಮುಂದಾದ.

ಅಪ್ಪ ವೈರಿನ ತುದಿ ಸುಲಿದು, ಮತ್ತೆ ಸೇರಿಸಿ ಹೊಸೆದು, ಮೇಲೆ ಟೇಪ್ ಸುತ್ತಿದ. ಈ ಸಲ ಜಗ್ಗಿದ ರಭಸಕ್ಕೆ ಕಾರೇ ಅಲುಗಿದ ಹಾಗಾಯಿತು. ವೈರು ಬರಲಿಲ್ಲ. ಉಳಿದ ವೈರುಗಳನ್ನೂ ಒಂದೊಂದಾಗಿ ಜಗ್ಗಿದ.

"ಈಗ ಮೊದಲಿಂದ," ಅಂದ. "ಬಂತಾ?"

ಪಿಟ್ಟಿ ಹೂಂಗುಟ್ಟುವ ಮೊದಲು ಒಮ್ಮೆ ಕೆಳಗೆ ಬಗ್ಗಿ ನೋಡಿದಳು. ಅಪ್ಪನ ಕೆನ್ನೆ ಮ್ಯಾಟಿಗೆ ಅಂಟಿಕೊಂಡಿತ್ತು. ಮೂಗಿನ ಮುಂದೆ ಆಕ್ಸಿಲರೇಟರ್, ಅದರಾಚೆ ಕತ್ತಲು. ಅಲ್ಲಿಂದ ಲೈಟು ಎಲ್ಲಿ ಕಾಣಬೇಕು! ಡಬ್ಬಿಯೇ ಕಾಣುತ್ತಿರಲಿಲ್ಲ.

"ಇನ್ನೊಂದ್ಸಲ ಒತ್ತಪ್ಪ. ನಾನು ನಿನ್ನ ನೋಡ್ತಿದ್ದೆ, ಲೈಟ್ ನೋಡಲಿಲ್ಲ."

ಅಪ್ಪ ಇನ್ನೊಂದು ಸಲ ಒತ್ತಿದ. ಹತ್ತಲ್ಲ, ಇಪ್ಪತ್ತು ಸಲ ಒತ್ತಿದ. ಇಪ್ಪತ್ತಕ್ಕೆ ಇಪ್ಪತ್ತೂ ಬಂತು.

ಮತ್ತೆ ದೊಡ್ಡ ರಸ್ತೆ. ಎಂಬತ್ತಕ್ಕೆ ಅಪ್ಪ ಬಟನ್ ಒತ್ತಿ ಕಾಲು ಹಿಂದಕ್ಕೆ ತೆಗೆದ. ಕಾರು ತನ್ನ ಪಾಡಿಗೆ ತಾನು ಹೋಗುತ್ತಲೇ ಇತ್ತು! ದೂರದಲ್ಲಿ ಒಂದು ಲಾರಿ ಕಂಡಾಗ ಅಪ್ಪ ಬ್ರೇಕ್ ಮುಟ್ಟಿದ. ಕಾರಿನ ವೇಗ ಕೂಡಲೇ ತಗ್ಗಿತು. ಅಮ್ಮ ಉಸಿರು ಬಿಟ್ಟಳು. ಲಾರಿ ಹಾದ ಮೇಲೆ ಮತ್ತೆ ಎಂಬತ್ತು.

ಆಗ ಎಡಗಡೆ ಹಳಿಯ ಮೇಲೆ ಒಂದು ಗೂಡ್ಸ್ ರೈಲು ಬಂತು. ಉದ್ದ ಅಂದರೆ ಉದ್ದ.

"ಅಯ್ಯೋ, ನೋಡ್ರೀ, ಮುಗಿಯೋದೇ ಇಲ್ಲ!" ಅಂದಳು ಅಮ್ಮ.

ಅಪ್ಪನ ಕತ್ತು ತಿರುಗಲಿಲ್ಲ. ಕಾಲಿಗೆ ರಜೆ ಸಿಕ್ಕಿತ್ತು, ಕಣ್ಣಿಗೆ ಸಿಕ್ಕಿರಲಿಲ್ಲ. "ನಾನು ರಸ್ತೆ ನೋಡ್ಬೇಕು. ಪಿಟ್ಟಿ, ನೀನು ನೋಡಿ ಹೇಳು. ಎಷ್ಟು ಡಬ್ಬಿ ಇದೆ?"

ಪಿಟ್ಟಿ ಕಿಟಕಿಗೆ ಹಣೆ ಒತ್ತಿ ಬೆರಳು ಮಡಿಸುತ್ತಾ ಎಣಿಸತೊಡಗಿದಳು. ಕಂದು ಡಬ್ಬಿ, ಕರಿ ಡಬ್ಬಿ, ಮತ್ತೆ ಕಂದು. ಕೊನೆಯ ಡಬ್ಬಿ ದಾಟುವವರೆಗೆ ಕಣ್ಣು ಕೀಳಲಿಲ್ಲ.

"ನಲವತ್ತಮೂರು," ಅಂದಳು. ಮತ್ತೆ ಒಂದು ಕ್ಷಣ ಯೋಚಿಸಿದಳು. "ಅಪ್ಪಾ, ಆದ್ರೆ ನಡುವೆ ಒಂದು ದೊಡ್ಡ ಮರ ಅಡ್ಡ ಬಂತು. ಅದರ ಹಿಂದೆ ಎಷ್ಟಿತ್ತು ಅಂತ ನಾನು ನೋಡಲಿಲ್ಲ."

"ಸರಿ," ಅಂದ ಅಪ್ಪ, ರಸ್ತೆಯನ್ನೇ ನೋಡುತ್ತಾ. "ನಲವತ್ತಮೂರು, ಒಂದು ಮರ."