ಎಬ್ಬಿಸೋದು ಬೇಡ ಅಂತ ಬಂದೆ

ಹಳೆ ಮನೆ ಕೊಂಡು, ರಿಪೇರಿ ಮಾಡಿಸಿ ಮಾರುವ ಕೆಲಸಕ್ಕೆ ನಾನು ಕೈ ಹಾಕಿದ್ದು 2004ರಲ್ಲಿ. ಶಿವಮೊಗ್ಗದ ಆಲ್ಕೊಳದಲ್ಲಿದ್ದ ಸ್ವಂತ ಮನೆಯನ್ನೇ ಮಾರಿ, ಬಾಡಿಗೆ ಮನೆಗೆ ಹೋಗಿ, ಭದ್ರಾವತಿಯಲ್ಲಿ ವರ್ಷಗಟ್ಟಲೆ ಬೀಗ ಬಿದ್ದಿದ್ದ ಒಂದು ಮನೆ ಕೊಂಡೆ. ಟೈಲ್ಸ್ ಹಾಕಿಸಿದೆ, ಬಣ್ಣ ಹೊಡೆಸಿದೆ.

ಮೊದಲು ನೋಡಲು ಬಂದವರು ಏಕಾಂತಪ್ಪ ದಂಪತಿ. ಮಟಮಟ ಮಧ್ಯಾಹ್ನ. ಹಿಂದಿನ ಕೋಣೆಗೆ ಹೋದ ಅವರ ಹೆಂಡತಿ ಕೂಡಲೇ ಹೊರಬಂದು, ದನಿ ತಗ್ಗಿಸಿ ಹೇಳಿದರು: "ಅಜ್ಜಿ ಮಲಗಿದಾರೆ. ಎಬ್ಬಿಸೋದು ಬೇಡ ಅಂತ ಬಂದೆ."

ನಾನು ಹೋಗಿ ನೋಡಿದೆ. ಕೋಣೆ ಖಾಲಿಯಿತ್ತು. ಮನೆಯಿಡೀ ಹೊಸ ಬಣ್ಣದ ವಾಸನೆ. ಅಲ್ಲಿ ಮಾತ್ರ ಇರಲಿಲ್ಲ.

ಮುಂದಿನ ತಿಂಗಳು ಮನೆ ನೋಡಲು ಬಂದ ಮೇಷ್ಟ್ರೊಬ್ಬರ ಹೆಂಡತಿಯೂ ಅದನ್ನೇ ಹೇಳಿದರು. ಗಾರೆಯವರನ್ನು ಕರೆಸಿ ಗೋಡೆ ಒಡೆಸಿದೆ, ಆ ಕೋಣೆಯನ್ನು ಹಾಲ್‌ಗೆ ಸೇರಿಸಿಬಿಟ್ಟೆ. ಮೂರನೆಯವರು ಹೊಸ್ತಿಲಲ್ಲೇ ನಿಂತರು. "ಹಾಲ್‌ನಲ್ಲಿ ಯಾರೋ ಮಲಗಿದಾರಲ್ಲ, ಇನ್ನೊಂದು ದಿನ ಬರ್ತೀವಿ" ಅಂದರು. ಬರಲಿಲ್ಲ.

ಆಮೇಲೆ ಯಾರೂ ನೋಡಲು ಬರಲಿಲ್ಲ. ಬೇರೆ ದಾರಿಯಿಲ್ಲದೆ ನಾವೇ ಅಲ್ಲಿಗೆ ಬಂದೆವು. ನನ್ನ ಹೆಂಡತಿ ಶ್ರೀಗೌರಿಗೆ ಇದ್ಯಾವುದನ್ನೂ ಹೇಳಲಿಲ್ಲ.

ದಿನಾ ಬೆಳಿಗ್ಗೆ ಅವಳು ನೆಲ ಒರೆಸುತ್ತಾಳೆ. ಹಾಲ್‌ನ ಒಂದು ಕಡೆ ಚಾಪೆಯಷ್ಟು ಜಾಗ ಬಿಟ್ಟು, ಅದರ ಸುತ್ತ ಒರೆಸಿಕೊಂಡು ಹೋಗುತ್ತಾಳೆ.

"ಅಲ್ಲಿ ಯಾಕೆ ಬಿಟ್ಟೆ ಮಾರಾಯ್ತಿ?" ಎಂದು ಒಮ್ಮೆ ಕೇಳಿದೆ.

ಅವಳು ಬಟ್ಟೆ ಹಿಂಡುತ್ತಾ ನನ್ನನ್ನೇ ನೋಡಿದಳು. "ಎಲ್ಲಾ ಒರೆಸಿದೀನಲ್ರೀ."

ಎರಡು ವರ್ಷವಾಯಿತು. ಆ ಜಾಗ ಒಂದು ದಿನವೂ ಒದ್ದೆಯಾಗಿಲ್ಲ.