ಕೈಗೆ ಕೊಡದ ಕತ್ತರಿ

ರಾಯದುರ್ಗದ ಆ ಮೊಬೈಲ್ ರಿಪೇರಿ ಅಂಗಡಿಗೆ ಭುವನಾ ನುಗ್ಗಿದಾಗ ಎಡಗೈಯಲ್ಲಿ ಕೆಟ್ಟು ಕೂತ ಟ್ಯಾಬ್, ಬಲಗೈಯಲ್ಲಿ ಜೀನ್ಸ್ ಕತ್ತರಿಸುವ ಮೊಳದುದ್ದದ ಕತ್ತರಿ!

"ಮೊದ್ಲು ಕೂತ್ಕಳ್ರೀ... ಆ ಕತ್ತರಿ ನೋಡಿದ್ರೆ ನಂಗೇ ಭಯ ಆಗ್ತೈತೆ," ಎಂದ ಅಂಗಡಿಯ ವಾಗೀಶ.

ಅವಳಿಗೆ ಆಗಲೇ ಅದು ಕಂಡದ್ದು. ಕಟಿಂಗ್ ಟೇಬಲ್‌ನಿಂದ ಹಾಗೇ ಓಡಿ ಬಂದುಬಿಟ್ಟಿದ್ದಳು. ನಾಚಿಕೊಂಡು ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

"ಅಪ್‌ಡೇಟ್ ಕೊಟ್ಟಿದ್ದೆ ರಿ. ನಡುವ ಚಾರ್ಜ್ ಮುಗೀತು. ಈಗ ಬರೇ ಲೋಗೋ ತೋರಿಸ್ತೈತಿ, ಮುಂದ ಹೋಗಂಗಿಲ್ಲ. ಇದರಾಗ ನನ್ನ ಮೂವತ್ತೆರಡು ಡಿಸೈನ್ ಅದಾವ್ರಿ..."

ಜೀನ್ಸ್ ಜೇಬಿನ ಮೇಲೆ ಹೊಲಿಯುವ ಡಿಸೈನ್‌ಗಳು. ಅವಳ ಎಂಟು ತಿಂಗಳ ಕೆಲಸ. ಅಪ್ಪ ಉಜ್ಜಿನಪ್ಪನ ಹೊಲಿಗೆ ಯೂನಿಟ್‌ನಲ್ಲಿ ಇಷ್ಟು ವರ್ಷ ಬೇರೆಯವರ ಡಿಸೈನ್ ಹೊಲಿದದ್ದೇ ಹೊಲಿದದ್ದು. ಶನಿವಾರ ಬಳ್ಳಾರಿಯ ವ್ಯಾಪಾರಿ ಬಂದು ಒಂದನ್ನಾದರೂ ಮೆಚ್ಚಿದರೆ, ಇನ್ನು ಮೇಲೆ ಮಗಳ ಡಿಸೈನೇ ಎಂದು ಅಪ್ಪ ಮಾತು ಕೊಟ್ಟಿದ್ದರು. ಇವತ್ತು ಗುರುವಾರ.

"ಬೇರೆ ಕಡೆ ಕಾಪಿ ಇಟ್ಟಿಲ್ವಾ?"

"ಇಲ್ರಿ," ಎಂದಳು ಸಣ್ಣ ದನಿಯಲ್ಲಿ.

ಬೈಯುತ್ತಾನೆ ಅಂದುಕೊಂಡಳು. ಬೈಯಲಿಲ್ಲ. ಮಡಕಶಿರದಿಂದ ಬಂದು ವರ್ಷದ ಹಿಂದೆ ಇಲ್ಲಿ ಅಂಗಡಿ ಇಟ್ಟ ಈ ಮನುಷ್ಯ ಅವಳಿಗೆ ಹಿಡಿಸಿದ್ದು ಆಗಲೇ.

"ಕಂಪ್ಯೂಟರ್‌ಗೆ ಹಾಕಿ ಸಾಫ್ಟ್‌ವೇರ್ ಹೊಸದಾಗಿ ಕೂರಿಸ್ಬೇಕು. ಎರಡು ದಾರಿ ಐತೆ. ಒಂದ್ರಲ್ಲಿ ಒಳಗಿರೋದೆಲ್ಲ ಅಳಿಸೋಗ್ತೈತೆ. ಇನ್ನೊಂದ್ರಲ್ಲಿ ಉಳೀಬೋದು. ಉಳಿಯೋದನ್ನೇ ಮೊದ್ಲು ನೋಡಾಣ."

ಹೊಸ ಕೇಬಲ್ ತೆಗೆದ. ಪ್ಯಾಕೆಟ್ ಹರಿಯಲಿಲ್ಲ. ಅವಳತ್ತ ಕೈ ಚಾಚಿದ.

"ಆ ಕತ್ತರಿ ಕೊಡಿ."

ಕೊಡಲು ಹೋದವಳು ಥಟ್ಟನೆ ಕೈ ಹಿಂದಕ್ಕೆಳೆದು, ಕತ್ತರಿಯನ್ನು ಟೇಬಲ್ ಮೇಲಿಟ್ಟಳು.

ವಾಗೀಶನ ಮುಖ ಸಣ್ಣದಾಯಿತು. ‘ನನ್ನ ಕೈ ತಾಕಿದ್ರೆ ಇವಳ ಗಂಟೇನು ಹೋಗ್ತಿತ್ತು?’

ಪಾಪ, ಅವಳಿಗೆ ಇದರ ಸುಳಿವೇ ಇಲ್ಲ. ಟ್ಯಾಬ್‌ನ ಗುಂಡಿ ಒತ್ತಿ ಹಿಡಿದುಕೊಂಡೇ ಕೇಬಲ್ ಸಿಕ್ಕಿಸಬೇಕಿತ್ತು.

"ನಾ ಹಿಡೀಲೇನ್ರಿ?"

"ಬೇಡ. ನೀವು ದೂರಾನೇ ಇರಿ."

ಟ್ಯಾಬನ್ನು ಎದೆಗೊತ್ತಿಕೊಂಡು ಒಬ್ಬನೇ ಒದ್ದಾಡಿದ. ಫೈಲ್ ಡೌನ್‌ಲೋಡ್ ಆಗುವುದು ನಿಧಾನ. ಅದು ಮುಗಿಯುವಷ್ಟರಲ್ಲಿ ಟ್ಯಾಬ್ ಕಾದು ಕಾದು ಮತ್ತೆ ಲೋಗೋಗೆ ಮರಳುತ್ತಿತ್ತು. ಮತ್ತೆ ಗುಂಡಿ, ಮತ್ತೆ ಕೇಬಲ್. ಎರಡು ಗಂಟೆ ಹೋಯಿತು. ಮೂರನೇ ಸಲ ಡೌನ್‌ಲೋಡ್ ಮುಗಿದಿತ್ತು, ಟ್ಯಾಬ್ ಕೂಡ ಲೋಗೋಗೆ ಮರಳದೆ ಕಾದಿತ್ತು. ಪರದೆಯ ಮೇಲಿನ ಗೆರೆ ಮೆಲ್ಲಗೆ ತುಂಬಿತು... ಪಾಸ್‌ವರ್ಡ್ ಕೇಳಿತು!

ಅವಳು ಒತ್ತಿದಳು. ಮೂವತ್ತೆರಡೂ ಇದ್ದವು. ಭುವನಾ ಅತ್ತೇಬಿಟ್ಟಳು.

ವಾಗೀಶ ಎಲ್ಲವನ್ನೂ ಪೆನ್‌ಡ್ರೈವ್‌ಗೂ ಹಾಕಿ, ಟ್ಯಾಬನ್ನು ಟೇಬಲ್‌ನ ಆ ತುದಿಗಿಟ್ಟು, "ತಗೊಳ್ಳಿ," ಎಂದು ಮುಖ ತಿರುಗಿಸಿಕೊಂಡ.

‘ಇಷ್ಟೆಲ್ಲ ಮಾಡಿದವ್ರು ಮುಖ ಯಾಕ ತಿರುಗಿಸಿದ್ರು? ನಾ ಏನು ತಪ್ಪು ಮಾಡಿದೆ?’ ಡಿಸೈನ್ ಉಳಿದ ಖುಷಿಯ ಜೊತೆಗೇ ಆ ಮುಖವೂ ಮನೆಯವರೆಗೆ ಬಂತು.

ಶನಿವಾರ ವ್ಯಾಪಾರಿ ನಾಲ್ಕು ಡಿಸೈನ್ ಆರಿಸಿದ. ಅಪ್ಪ ಯೂನಿಟ್ಟಿಗೆಲ್ಲ ಮೈಸೂರುಪಾಕು ಹಂಚಿದರು. ಭುವನಾ ಮಾತ್ರ ಮಷೀನಿನ ಮುಂದೆ ಕೂತು, ಮೊದಲ ಜೀನ್ಸ್ ತಾನೇ ಹೊಲಿದಳು. ಅಳತೆ? ಎರಡು ಗಂಟೆ ಎದುರಿಗೆ ಕೂತು ನೋಡಿದ ಕಣ್ಣಳತೆ.

ಸೋಮವಾರ ಹೇಳಿ ಕಳಿಸಿದಳು. ವಾಗೀಶ ಬಿಗಿದ ಮುಖದಲ್ಲೇ ಯೂನಿಟ್ಟಿಗೆ ಬಂದು ಜೀನ್ಸ್ ಹಾಕಿ ನೋಡಿದ. ಸೊಂಟ ಸರಿಯಾಗಿ ಕೂತಿತ್ತು, ಉದ್ದ ಮಾತ್ರ ಎರಡು ಬೆರಳು ಹೆಚ್ಚು.

"ಭುವನಾ, ಆ ಕತ್ತರಿ ಕೊಡವ್ವ," ಎಂದು ಹಿರಿಯ ಟೈಲರ್ ಗಂಗಕ್ಕ ಕೈ ಚಾಚಿದಳು.

ಭುವನಾ ಕತ್ತರಿಯನ್ನು ಟೇಬಲ್ ಮೇಲಿಟ್ಟಳು. ಗಂಗಕ್ಕ ತೆಗೆದುಕೊಂಡಳು. ದಾರ ಕತ್ತರಿಸಿ ಅವಳೂ ಅಲ್ಲೇ ಇಟ್ಟಳು.

ವಾಗೀಶ ಬೆರಗಾಗಿ ನೋಡಿದ. "ಕೈಗೆ ಯಾಕೆ ಕೊಡಲ್ಲ?"

"ಕತ್ತರಿ ಕೈಯಿಂದ ಕೈಗೆ ಕೊಟ್ರ ಜಗಳ ಆಗ್ತೈತ್ರಿ. ನಮ್ಮ ಹೊಲಿಗಿ ಮಂದಿ ಯಾರೂ ಕೊಡಂಗಿಲ್ಲ," ಎಂದು ನಕ್ಕು ಗಂಗಕ್ಕ ಒಳಗೆ ಹೋದಳು.

"ಹಂಗಾದ್ರೆ ಅವತ್ತು..."

ಭುವನಾಗೆ ಈಗ ಎಲ್ಲ ಹೊಳೆಯಿತು. "ಅದಕ್ಕ ಸಿಟ್ಟಾಗಿದ್ರೇನ್ರಿ? ನಿಮ್ಮ ಜೊತಿ ಜಗಳ ಆಗಬಾರದು ಅನಿಸ್ತು. ನಿಮ್ಮನ್ನ ನೋಡಿ ಹತ್ತು ನಿಮಿಷಾನೂ ಆಗಿರ್ಲಿಲ್ಲ... ಆದ್ರೂ ಅನಿಸ್ತು."

"ನಾನೊಬ್ಬ ದಡ್ಡ ಕಣ್ರೀ. ನಿಮ್ ಮೇಲೆ ಸಿಟ್ಟು ಮಾಡ್ಕಂಡಿರಾಣ ಅಂತ ನಾಲ್ಕು ದಿನದಿಂದ ನೋಡ್ತಿದೀನಿ, ಆಗ್ತಿಲ್ಲ. ನೀವು ಅಷ್ಟು ಇಷ್ಟ ಆಗೋಗಿದೀರ."

ಅವಳ ಕಣ್ಣು ತುಂಬಿತು. ಉದ್ದ ಕತ್ತರಿಸಬೇಕಿತ್ತಲ್ಲ, ಅವನೇ ಕತ್ತರಿ ತೆಗೆದು ಅವಳ ಪಕ್ಕದಲ್ಲಿಡಲು ಬಾಗಿದ. ಅವಳು ಕೈ ಚಾಚಿದಳು.

"ಕೈಗೇ ಕೊಡ್ರಿ."

"ಜಗಳ ಆಗ್ತೈತಂತೆ?"

"ಆಗ್ಲಿ. ದಿನಾ ಜಗಳಾಡಾಕ ಮನ್ಯಾಗ ಒಬ್ರು ಬೇಕಲ್ರಿ ನನಗ."

ಅವನು ಕೊಟ್ಟ. ಆದರೆ ಬೇಗ ಬಿಡಲಿಲ್ಲ.

"ಮಡಕಶಿರದಿಂದ ಅಮ್ಮನ್ನ ಯಾವತ್ತು ಕರ್ಕಂಡು ಬರ್ಲಿ?"

"ಭಾನುವಾರ," ಎಂದು ಭುವನಾ ಚಾಕ್ ಹಿಡಿದು ಕೆಳಗೆ ಕೂತಳು. "ಈಗ ಅಲುಗಾಡಬ್ಯಾಡ್ರಿ. ಅವ್ರು ಬರೋವತ್ತಿಗೆ ಈ ಪ್ಯಾಂಟಾದ್ರೂ ನೆಟ್ಟಗ ಇರ್ಲಿ."