ಆರೈಕೆ ಬೇಡದ ಗೋಡೆ

ಗೋಡೆ ತನ್ನ ಗಾಯದ ಸದ್ದನ್ನು ತಾನೇ ಆಲಿಸುತ್ತಿತ್ತು. ಕಡಲಿಗೆ ಎದುರಾಗಿ ನಿಂತ ಆ ತಡೆಗೋಡೆಯೊಳಗೆ ‘ಬಿರುಕುಗ್ರಾಹಿ’ ಎಂಬ ಸೂಜಿಗಳನ್ನು ಹುದುಗಿಸಿದ್ದರು. ಎಲ್ಲಿಯಾದರೂ ಕಾಂಕ್ರೀಟು ಸೀಳಿದರೆ ಯಂತ್ರ ಸಣ್ಣ ನಳಿಗೆಗಳಿಂದ ಅಲ್ಲಿಗೆ ಸಮುದ್ರದ ನೀರು ಹಾಯಿಸುತ್ತಿತ್ತು. ಉಳಿದದ್ದು ಬೂದಿಯ ಕೆಲಸ. ಜ್ವಾಲಾಮುಖಿಯ ಬೂದಿಗೆ ಚಿಪ್ಪುಸುಣ್ಣ ಬೆರೆಸಿ ಕಟ್ಟಿದ ಗೋಡೆ ಅದು. ಉಪ್ಪುನೀರು ತಾಗಿದೊಡನೆ ಎರಡೂ ಸೇರಿ ಹರಳುಗಟ್ಟಿ, ನೋಡನೋಡುತ್ತಿದ್ದಂತೆ ಬಿರುಕು ಕೂಡಿಕೊಳ್ಳುತ್ತಿತ್ತು.

“ಆರೈಕೆಯೇ ಬೇಡದ ಗೋಡೆ” ಎಂದು ಉದ್ಘಾಟನೆಯ ದಿನ ಎಲ್ಲರೂ ಹೊಗಳಿದ್ದರು. ಅದನ್ನು ರೂಪಿಸಿದ ವಿಜ್ಞಾನಿ ಶರ್ವಾಣಿ ಮಾತ್ರ ವೇದಿಕೆಯ ಮೂಲೆಯಲ್ಲಿ ಕುಳಿತು, ಒಂದು ಮಳೆಗಾಲ ಕಳೆಯಲಿ ಎಂದುಕೊಂಡಿದ್ದಳು.

ಆ ಮಳೆಗಾಲ ಈಗ ಬಂದಿತ್ತು. ಸೂಚಕದಲ್ಲಿ ಹಸಿರು ದೀಪ, ಒಂದೂ ಬಿರುಕಿಲ್ಲ. ಆದರೂ ಗೋಡೆಯ ಹಿಂದಿನ ಕೇರಿಯಲ್ಲಿ, ಮೀನು ಮಾರುವ ಗುಲಾಬಿಯ ಅಂಗಳದಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಶರ್ವಾಣಿ ಗೋಡೆ ಹತ್ತಿ ಕಡಲ ಬದಿಗೆ ಬಗ್ಗಿ ನೋಡಿದಳು. ಬುಡದ ಕಿಂಡಿಗಳಿಂದ ಧಾರೆಯಾಗಿ ಸುರಿಯಬೇಕಿದ್ದ ಮಳೆನೀರು ಒಂದು ಹನಿಯೂ ಇಲ್ಲ.

“ಗುಲಾಬಿಯಕ್ಕ, ಕೆಳಗೆ ಕಿಂಡಿಗಳಿದ್ದುವಲ್ಲ?”

“ಒಟ್ಟೆಯಾ? ಅದನ್ನೆಲ್ಲ ಮುಚ್ಚಿದ್ದ್ ನಾವೇ ಅಮಾ!” ಗುಲಾಬಿಯ ಮುಖ ಅರಳಿತು. “ಮಳಿಗಾಲಕ್ ಮುಂಚೆ ದೋಣಿ ಸಂದಿಗೆ ಹತ್ತಿ ತುರ್ಕುದಿಲ್ಯಾ, ಹಾಂಗೇ. ಉಳ್ದ ಬೂದಿಗೆ ಸುಣ್ಣ ಕಲ್ಸಿ ತುಂಬ್ಸಿ, ದಿನಾ ಉಪ್ಪುನೀರ್ ಹೊಯ್ದದ್ದ್. ಉಪ್ಪುನೀರೇ ಇದ್ಕೆ ಮದ್ದು ಅಂದೇಳಿ ನೀವೇ ಹೇಳ್ದ್ರಿ ಅಲ್ದಾ?”

ಹೇಳಿದ್ದು ನಿಜ. ಕಡಲಿಗೆ ಮುಖಮಾಡಿದ ತೂತು ಎಂದರೆ ಈ ಜನಕ್ಕೆ ಮುಳುಗುವ ದೋಣಿ. ಇದು ಅವಳಿಗೆ ಹೊಳೆದೇ ಇರಲಿಲ್ಲ.

“ನೀರು ಹೊರಗೆ ಹೋಗದಿದ್ರೆ ಹಿಂದಿನಿಂದ ಒತ್ತುತ್ತೆ ಅಕ್ಕ. ಸೀಳೋದಲ್ಲ, ಇಡೀ ಗೋಡೆ ಮಗುಚಿಬಿಡುತ್ತೆ. ಆಮೇಲೆ ಕಡಲು ನೇರ ಕೇರಿಗೇ.”

“ಅಯ್ಯೋ, ಹಸ್ರ್ ದೀಪ ಉರಿತಾ ಇತ್ತಲೆ ಮಾರಾಯ್ತಿ!”

“ಅದಕ್ಕೆ ಬಿರುಕು ಮಾತ್ರ ಗೊತ್ತು.”

ಕಡಲು ಇಳಿತದಲ್ಲಿರುವಾಗಲೇ ಕೆಲಸದವರು ಕೊರೆಯುವ ಯಂತ್ರ ತಂದರು. ಮೊದಲ ಕಿಂಡಿ ಅರ್ಧ ಕೊರೆಯುವಷ್ಟರಲ್ಲಿ ಕೆಂಪು ದೀಪ ಹೊತ್ತಿತು. ನಳಿಗೆಗಳು ಉಪ್ಪುನೀರು ಹಾಯಿಸಿದವು. ಬಿಳಿ ಹರಳು ಬೆಳೆಯಿತು. ಕೊರೆಯುವ ಉಕ್ಕಿನ ಸಲಾಕೆಯನ್ನೇ ಗೋಡೆ ಕಚ್ಚಿ ಹಿಡಿಯಿತು. ಅಲ್ಲಾಡಿಸಿದರೂ ಬರಲಿಲ್ಲ.

ಬಿರುಕುಗ್ರಾಹಿಯನ್ನು ಆರಿಸಬೇಕು. ಆರಿಸಿದಾಗ ಅಲೆ ಬಡಿದು ನಿಜವಾಗಿಯೇ ಬಿರಿದರೆ? ಶರ್ವಾಣಿ ಗುಂಡಿಯ ಮೇಲೆ ಬೆರಳಿಟ್ಟು ಕೇರಿಯತ್ತ ತಿರುಗಿ ನೋಡಿದಳು. ಗುಲಾಬಿಯ ಅಂಗಳದಲ್ಲಿ ನೀರು ಹೊಸ್ತಿಲು ಮುಟ್ಟಿತ್ತು. ಅವಳು ಕಣ್ಣುಮುಚ್ಚಿ ಒತ್ತಿದಳು.

ದೀಪ ಆರಿತು. ಹೊಸ ಸಲಾಕೆ ಒಳಹೊಕ್ಕಿತು. ಕೆಮ್ಮಣ್ಣಿನ ನೀರು ಆಳುದ್ದ ಚಿಮ್ಮಿ ಕಡಲಿಗೆ ಬಿತ್ತು. ಎರಡನೆಯದು, ಮೂರನೆಯದು… ಹೊಸ್ತಿಲಿನಿಂದ ನೀರು ಇಳಿಯಿತು.

ಬಿರುಕುಗ್ರಾಹಿಯನ್ನು ಮತ್ತೆ ಹಚ್ಚಲೇಬೇಕಾಯಿತು, ಕಡಲು ಬಿಡಬೇಕಲ್ಲ. ಆದರೆ ಅದಕ್ಕೆ ಗಾಯಕ್ಕೂ ಹೊಸದಾಗಿ ಕೊರೆದ ಕಿಂಡಿಗೂ ವ್ಯತ್ಯಾಸ ತಿಳಿಯದು, ಅಂಚಿಗೆ ಹರಳು ಕಟ್ಟಿದೊಡನೆ ಮಾಯಿತೆಂದು ಹಸಿರು ದೀಪ ಹಚ್ಚುತ್ತದೆ. ಹಾಗಾಗಿ ದಿನವೂ ಇಳಿತದ ಹೊತ್ತಿಗೆ ಕೇರಿಯ ಹೆಂಗಸರು ಗಾಳಿಮರದ ಕೋಲು ಹಿಡಿದು, ಕಟ್ಟಿಕೊಂಡ ಹರಳನ್ನು ಕಿಂಡಿಕಿಂಡಿಯಿಂದ ಕೆರೆದು ತೆಗೆಯುತ್ತಾರೆ.

“ಎಂತಾ ಆರೈಕೆ ಬೇಡದ್ ಗ್ವಾಡಿ ಅಮಾ! ಸಣ್ಣ ಮಗುಗೆ ಒರ್ಸಿದ ಹಾಂಗೆ ದಿನಾ ಮೂಗ್ ಒರ್ಸ್ಬೇಕ್” ಎಂದು ಗುಲಾಬಿ ನಕ್ಕಳು.

ಶರ್ವಾಣಿಗೆ ನಗು ಬರಲಿಲ್ಲ. ಸೂಚಕದಲ್ಲಿ ಹಸಿರು ದೀಪ ಉರಿಯುತ್ತಿತ್ತು. ಅವಳು ಅದರತ್ತ ನೋಡದೆ, ಬಗ್ಗಿ ಕಿಂಡಿಗೆ ಕಿವಿಯಿಟ್ಟಳು. ಒಳಗೆ ನೀರು ಹರಿಯುವ ಸದ್ದು ಕೇಳಿದ ಮೇಲೆಯೇ ಕೋಲು ಎತ್ತಿಕೊಂಡು ಮುಂದಿನ ಕಿಂಡಿಗೆ ನಡೆದಳು.